ಗಡಿಯಾಚೆಯ ಹನ್ನೊಂದು ಗಂಟೆ

ಮದುವೆ ಗಂಡಿಗೆಂದು ಇಟ್ಟಿದ್ದ ಕುರ್ಚಿಯ ಮೇಲೆ ಉದ್ದ ಕೊಕ್ಕಿನ ಬಿಳಿ ಹಕ್ಕಿಯೊಂದು ಹಾರಿಬಂದು ಕೂತಿತು. ಬ್ರಿಸ್ಬೇನಿನ ಯಾವ ಪಾರ್ಕಿಗೆ ಹೋದರೂ ಇವುಗಳ ಕಾಟ ತಪ್ಪಿದ್ದಲ್ಲ. ತೊಟ್ಟಿಗಳಲ್ಲಿ ಕತ್ತು ಇಳಿಬಿಟ್ಟು ತಿನ್ನುತ್ತವೆಂದು ಊರಿನವರು ಇವಕ್ಕೆ ಕಸದ ಕೋಳಿ ಎಂದು ಹೆಸರಿಟ್ಟಿದ್ದಾರೆ.

"ಬಂದ ನೋಡೇ ನಿನ್ನ ಗಂಡು," ಎಂದಳು ನೊಲೀನ್. "ಬಿಳೀ ಕೋಟು, ಕರೀ ಕಾಲು. ನೆವಿಲ್‌ಗಿಂತ ಇವನೇ ವಾಸಿ. ಅರ್ಧ ಗಂಟೆ ತಡ ಆದ್ರೂ ಬಂದು ಕೂತನಲ್ಲ."

"ಹತ್ತೂಕಾಲು ಕಣೇ ಈಗ. ಸುಮ್ನೆ ಅರ್ಧ ಗಂಟೆ ಮಾಡ್ಬೇಡ. ಅದನ್ನ ಓಡ್ಸು ಮೊದ್ಲು, ಗಲೀಜು ಮಾಡುತ್ತೆ."

"ನಾನ್ಯಾಕೆ ಓಡಿಸ್ಲಿ? ಕೈಲಿರೋನನ್ನ ಓಡಿಸಿಬಿಟ್ಟು ಆಮೇಲೆ ಅವನೂ ಇಲ್ಲ, ಇವನೂ ಇಲ್ಲ ಅಂತ ನನ್ನ ತಲೆ ತಿಂತೀಯ."

ಗ್ಲೆನಿಸ್ ತಾನೇ ಎದ್ದು ಕೈಯಲ್ಲಿದ್ದ ಹೂಗುಚ್ಛವನ್ನು ಬೀಸಿದಳು. ಹಕ್ಕಿ ಅವಸರ ಮಾಡದೆ ಕುರ್ಚಿಯಿಂದ ಇಳಿದು, ತಿಂಡಿಯ ಮೇಜಿನ ಕಡೆ ಹೆಜ್ಜೆ ಹಾಕಿತು. ಶಾಲೆಯ ಕ್ಯಾಂಟೀನಿನಲ್ಲಿ ಗ್ಲೆನಿಸ್ ಜೊತೆ ಕೆಲಸ ಮಾಡುವ ಮೂವರು ಹೆಂಗಸರು ಮೇಜಿನ ಸುತ್ತ ನಿಂತು ಸ್ಯಾಂಡ್‌ವಿಚ್ ಕಾಯುತ್ತಿದ್ದರು. ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಮದುಮಗಳು ನೋಡುತ್ತಿದ್ದಾಳೆಂದು ಮುಖ ಗಂಟು ಹಾಕಿಕೊಂಡೇ ಹಕ್ಕಿಯನ್ನು ಗದರಿಸಿದರು.

ಅರವತ್ತೆರಡು ವರ್ಷದ ಗ್ಲೆನಿಸ್‌ಗೆ ಇದು ಮೊದಲ ಮದುವೆ. ಅವಳಿಗಿಂತ ಎರಡು ವರ್ಷಕ್ಕೆ ದೊಡ್ಡವಳಾದ ಅಕ್ಕ ನೊಲೀನ್ ಅಷ್ಟರಲ್ಲಿ ಮೂರು ಮದುವೆಯಾಗಿ ಮೂರನ್ನೂ ಮುಗಿಸಿಕೊಂಡಿದ್ದಳು. ಆ ಅನುಭವದ ಬಲದಿಂದಲೇ ಬೆಳಗಿನಿಂದ ಮಾತಾಡುತ್ತಿದ್ದಳು.

ನದಿಯ ದಂಡೆಯ ಮೇಲೆ, ಮರದ ನೇಪಾಳಿ ಪಗೋಡದ ಪಕ್ಕದ ಹುಲ್ಲುಹಾಸನ್ನು ಗ್ಲೆನಿಸ್ ಜುಲೈಯಲ್ಲೇ ಕಾಯ್ದಿರಿಸಿದ್ದಳು. ಹತ್ತರಿಂದ ಹನ್ನೊಂದರವರೆಗೆ ಜಾಗ ಇವರದು. ಹನ್ನೊಂದಕ್ಕೆ ಇನ್ನೊಂದು ಮದುವೆಯಿತ್ತು. ರಜೆಯ ಸೋಮವಾರ, ಅಕ್ಟೋಬರಿನ ಬಿಸಿಲು. ಅತ್ತ ಮರಳು ತಂದು ಸುರಿದು ಮಾಡಿದ ಕಡಲತೀರದಲ್ಲಿ ಮಕ್ಕಳು ಕಿರುಚುತ್ತ ನೀರಿಗೆ ಬೀಳುತ್ತಿದ್ದರು. ದಾರಿಯುದ್ದಕ್ಕೂ ಬಾಗಿದ ಕಬ್ಬಿಣದ ಕಮಾನುಗಳಿಗೆ ಹಬ್ಬಿದ್ದ ಕಾಗದದ ಹೂವಿನ ಬಳ್ಳಿಗಳ ಕೆಳಗೆ ಜನ ಐಸ್‌ಕ್ರೀಂ ನೆಕ್ಕುತ್ತ ಓಡಾಡುತ್ತಿದ್ದರು. ಅವರಲ್ಲಿ ಕೆಲವರು ನಿಂತು, ಹನ್ನೆರಡು ಕುರ್ಚಿಗಳ ಈ ಪುಟ್ಟ ಮದುವೆಯನ್ನೂ ಗಂಡಿಲ್ಲದ ಹೆಣ್ಣನ್ನೂ ನೋಡಿ, ಕಣ್ಣು ತಪ್ಪಿಸಿ ಮುಂದೆ ಹೋಗುತ್ತಿದ್ದರು.

ಮದುವೆ ನಡೆಸಿಕೊಡಲು ಬಂದಿದ್ದ ಲಾಕ್ಲನ್ ಸಾಕ್ಸಿಲ್ಲದ ಬೂಟು ಹಾಕಿದ್ದ, ಮದುವೆ ಮಾಡಿಸುವ ಸರ್ಕಾರಿ ಪರವಾನಗಿ ಪಡೆದು ಎರಡು ವರ್ಷವಾಗಿದ್ದ ಯುವಕ. ಮೈಕನ್ನು ಒಮ್ಮೆ ಆನ್ ಮಾಡಿ, ಒಮ್ಮೆ ಆಫ್ ಮಾಡಿ, ಕೊನೆಗೆ ಹತ್ತಿರ ಬಂದ.

"ಗ್ಲೆನಿಸ್, ನಾನು ಅವಸರ ಮಾಡ್ತಿಲ್ಲ..."

"ಮಾಡ್ತಿದೀಯ. ಮಾಡು, ಅದು ನಿನ್ನ ಕೆಲ್ಸ."

"ಒಂದ್ಸಲ ಫೋನ್ ಮಾಡಿ ನೋಡಿದ್ರೆ?"

"ಮೂರು ಸಲ ಮಾಡ್ದೆ. ಮನೆ ಫೋನು ಹೊಡ್ಕೊಳ್ತಾನೇ ಇದೆ. ಮೊಬೈಲು ಗಾಡಿ ಡ್ಯಾಶ್‌ಬೋರ್ಡ್ ಡಬ್ಬದಲ್ಲಿರುತ್ತೆ, ಬ್ಯಾಟರಿ ಉಳೀಲಿ ಅಂತ ಆಫ್ ಮಾಡಿಟ್ಟಿರ್ತಾನೆ."

"ಬ್ಯಾಟರಿ ಉಳಿಸಿ ಏನ್ಮಾಡ್ತಾರೆ?" ಎಂದು ಕೇಳಿದ ಲಾಕ್ಲನ್, ನಿಜವಾಗಿಯೂ ತಿಳಿಯದೆ.

ನೆವಿಲ್‌ನ ಕಡೆಯಿಂದ ಬಂದವನು ಕ್ಲಿಫ್ ಒಬ್ಬನೇ. ಇಬ್ಬರೂ ಒಂದೇ ಕ್ಲಬ್ಬಿನಲ್ಲಿ ಹುಲ್ಲಿನ ಮೇಲೆ ಚೆಂಡು ಉರುಳಿಸುವ ಆಟ ಆಡುವವರು. ಕ್ಲಬ್ಬಿನ ಮಡಚುವ ಕುರ್ಚಿಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ಎಂಟು ಗಂಟೆಗೇ ಬಂದಿದ್ದ. "ನನ್ ಜೊತೇಲೇ ಬಾರೋ ಅಂದೆ," ಎಂದು ಅವನು ಬೆಳಗಿನಿಂದ ಐದನೇ ಸಲ ಹೇಳಿದ. "ಗಾಡಿ ತೊಳೀಬೇಕು, ನೀನು ಹೋಗು ಅಂದ. ಗಾಡಿ ತೊಳ್ಯೋಕೆ ಎಷ್ಟ್ಹೊತ್ತು? ನಾನು ಕಾರು ನಿಲ್ಸೋ ಜಾಗದಲ್ಲಿ ನಿಂತ್ಕೋತೀನಿ. ಬಂದ ತಕ್ಷಣ ಕತ್ತಿನ ಪಟ್ಟಿ ಹಿಡ್ಕೊಂಡು ಕರ್ಕೊಂಬರ್ತೀನಿ." ಹಾಗೆಂದು ಹೊರಟೇ ಹೋದ. ಪೆಚ್ಚುಮುಖ ಹಾಕಿಕೊಂಡು ಕೂರುವುದಕ್ಕಿಂತ ಅದೇ ಅವನಿಗೆ ಸುಲಭವಾಗಿತ್ತು.

ಗ್ಲೆನಿಸ್ ಪಗೋಡದ ಮೆಟ್ಟಿಲ ಮೇಲೆ ಹೋಗಿ ಕೂತಳು. ಹೊಸ ಚಪ್ಪಲಿ ಕಚ್ಚುತ್ತಿತ್ತು. ಇದೇ ಮೆಟ್ಟಿಲ ಮೇಲೆ ಕಾಲು ನೀವಿಕೊಂಡು ಕೂತಿದ್ದ ದಿನಗಳು ಅವಳಿಗೆ ಚೆನ್ನಾಗಿ ನೆನಪಿದ್ದವು. ಎಂಬತ್ತೆಂಟರಲ್ಲಿ ಇಲ್ಲಿ ಜಾಗತಿಕ ಮೇಳ ನಡೆದಾಗ ಅವಳು ಬನ್ನು ಮಾರುವ ಅಂಗಡಿಯೊಂದರಲ್ಲಿ ಆರು ತಿಂಗಳು ನಿಂತಿದ್ದಳು. ಊರಿನ ಮಿಕ್ಕವರೆಲ್ಲ ಆ ಮೇಳದ ಬಗ್ಗೆ ಕಣ್ಣು ಅರಳಿಸಿಕೊಂಡು ಮಾತಾಡುತ್ತಾರೆ. ನೊಲೀನ್ ಅಂತೂ ಯಾವುದೋ ದೇಶದ ಮಂಟಪದ ಹುಡುಗನೊಬ್ಬ ತನಗೆ ಮುತ್ತು ಕೊಟ್ಟದ್ದನ್ನು ಪ್ರತಿ ಕ್ರಿಸ್‌ಮಸ್‌ಗೂ ಹೇಳುತ್ತಾಳೆ, ವರ್ಷ ಕಳೆದಂತೆ ದೇಶ ಬದಲಾಗುತ್ತದೆ. ಗ್ಲೆನಿಸ್‌ಗೆ ನೆನಪಿರುವುದು ಕಾಲುನೋವು ಮಾತ್ರ. ಮದುವೆಗೆ ಈ ಜಾಗವನ್ನೇ ಯಾಕೆ ಆರಿಸಿದೆಯೆಂದು ಕೇಳಿದವರಿಗೆಲ್ಲ ರೈಲು ನಿಲ್ದಾಣ ಹತ್ತಿರ, ಶೌಚಾಲಯ ಶುಚಿಯಾಗಿದೆ ಎಂದಿದ್ದಳು. ಅದು ಸುಳ್ಳಲ್ಲ. ಮೇಳ ಮುಗಿದು ಮಂಟಪಗಳನ್ನೆಲ್ಲ ಕಿತ್ತೊಯ್ದಾಗ ಜನರೇ ಹಟ ಹಿಡಿದು ಈ ಪಗೋಡವೊಂದನ್ನು ಉಳಿಸಿಕೊಂಡಿದ್ದರು. ಇಲ್ಲಿ ಕೂರಲು ಅಂದೂ ನೆರಳಿತ್ತು, ಇಂದೂ ಇತ್ತು.

ಏಪ್ರಿಲ್‌ನಲ್ಲೇ ಆಗಬೇಕಿದ್ದ ಮದುವೆ ಇದು. ಆಗ ನೋಂದಣಿ ಕಚೇರಿಯಲ್ಲಿ ದಿನ ಗೊತ್ತುಮಾಡಿದ್ದರು. ಹಿಂದಿನ ರಾತ್ರಿ ನೆವಿಲ್ ಫೋನು ಮಾಡಿ, ಬೆನ್ನು ಹಿಡಿದುಕೊಂಡಿದೆ, ಜೂನ್ ಜುಲೈ ಚಳಿ ಕಳೀಲಿ ಎಂದಿದ್ದ. ಅದಾಗಿ ಮೂರನೇ ದಿನ ಅವನು ಕ್ಲಬ್ಬಿನಲ್ಲಿ ಬೆನ್ನು ಬಗ್ಗಿಸಿ ಚೆಂಡು ಉರುಳಿಸುತ್ತಿದ್ದದ್ದನ್ನು ಕ್ಲಿಫ್ ಬಾಯಿತಪ್ಪಿ ಹೇಳಿಬಿಟ್ಟಿದ್ದ. ಗ್ಲೆನಿಸ್ ಅದನ್ನು ಎತ್ತಿ ಆಡಲಿಲ್ಲ. ಹೆಂಡತಿ ತೀರಿ ಒಂಬತ್ತು ವರ್ಷ ಒಬ್ಬನೇ ಬದುಕಿದವನು, ಹೆದರಿದ್ದಾನೆ ಎಂದುಕೊಂಡಳು. ಇನ್ನೊಂದು ಸಲ ಹೆದರಿದರೆ ಏನು ಮಾಡುವುದೆಂದು ಮಾತ್ರ ಯೋಚಿಸಿರಲಿಲ್ಲ.

ನಿನ್ನೆ ರಾತ್ರಿ ಫೋನಿನಲ್ಲಿ ಅವನು ಏನೇನು ಹೇಳಿದ ಎಂದು ಮತ್ತೆ ನೆನಪು ಮಾಡಿಕೊಳ್ಳತೊಡಗಿದಳು. ಕೋಟು ಇಸ್ತ್ರಿಯಾಗಿದೆ. ಗಾಡಿ ತೊಳೀಬೇಕು. ನಾಳೆ ಸರಿಯಾಗಿ ಹನ್ನೊಂದಕ್ಕೆ. ಗಡಿಯಾರ ತಿರುಗಿಸಿದ್ಯಾ ಎಂದು ಅವಳು ಕೇಳಿದ್ದಳು. ಆಮೇಲೆ ತಿರುಗಿಸ್ತೀನಿ, ಏಣಿ ಶೆಡ್ಡಿನಲ್ಲಿದೆ ಎಂದಿದ್ದ.

ಏಣಿ ಶೆಡ್ಡಿನಲ್ಲಿದೆ.

ಗ್ಲೆನಿಸ್ ಎದ್ದು ನಿಂತಳು. "ನೊಲೀನ್! ಬಾರೇ ಇಲ್ಲಿ. ಅವನು ಗಡಿಯಾರ ತಿರುಗಿಸಿಲ್ಲ!"

"ಯಾವ ಗಡಿಯಾರ?"

"ಅಡುಗೆಮನೇದು. ನೆನ್ನೆ ಬೆಳಗಿನ ಜಾವದಿಂದ ಅವರ ಕಡೆ ಬೇಸಿಗೆ ಟೈಮು ಶುರುವಾಯ್ತಲ್ಲ. ರಾಜ್ಯದ ಗಡಿ ಆಚೆ ಎಲ್ರೂ ಒಂದು ಗಂಟೆ ಮುಂದೆ ತಿರುಗಿಸ್ಕೋತಾರೆ, ನಾವಿಲ್ಲಿ ತಿರುಗಿಸಲ್ಲ. ಇಲ್ಲಿ ಹತ್ತಾದ್ರೆ ಅವನ ಊರಲ್ಲಿ ಹನ್ನೊಂದು. ಅದಕ್ಕೇ ನೆನ್ನೆ ಹನ್ನೊಂದಕ್ಕೆ ಬರ್ತೀನಿ ಅಂದ. ಅಲ್ಲೀವರ್ಗೂ ಸರಿ. ಆದ್ರೆ ಗೋಡೆ ಮೇಲಿನ ಗಡಿಯಾರ ಇನ್ನೂ ನಮ್ಮ ಟೈಮೇ ತೋರಿಸ್ತಿದೆ. ಅವನು ಅದನ್ನ ನೋಡ್ಕೊಂಡು ಹನ್ನೊಂದಕ್ಕೆ ಸರಿಯಾಗಿ ಬರ್ತಾನೆ. ನಮ್ಮ ಹನ್ನೊಂದಕ್ಕೆ!"

ನೊಲೀನ್ ಬೆರಳು ಮಡಿಸಿ ಲೆಕ್ಕ ಹಾಕಿದಳು. ಲಾಕ್ಲನ್ ಆಕಾಶ ನೋಡಿ ಲೆಕ್ಕ ಹಾಕಿದ. ಕ್ಯಾಂಟೀನಿನ ಹೆಂಗಸರು ಲೆಕ್ಕ ಹಾಕಲು ಹೋಗಲಿಲ್ಲ, ಚಪ್ಪಾಳೆ ತಟ್ಟಿದರು.

"ಗಾಡೀಲಿ ಗಡಿಯಾರ ಇಲ್ವಾ?" ಎಂದಳು ನೊಲೀನ್.

"ಕೆಟ್ಟು ಹನ್ನೊಂದು ವರ್ಷ ಆಯ್ತು."

"ಕೈಗೆ?"

"ಕೈಗೆ ಕಟ್ಟಿದ್ರೆ ಬೆವರುತ್ತಂತೆ."

"ಭಲೇ ಗಂಡು ಹುಡುಕಿದೀಯ ಕಣೇ. ಏಣಿ ಹತ್ತೋಕೆ ಬೇಜಾರಾದೋನು ನಿನ್ನ ಜೊತೆ ಸಂಸಾರ ಮಾಡ್ತಾನಾ?" ಎಂದ ನೊಲೀನ್ ದನಿ ತಗ್ಗಿಸಿದಳು. "ಗಡಿಯಾರದ ಕಥೆ ಸರಿ. ಆದ್ರೆ ಏಪ್ರಿಲ್‌ನಲ್ಲಿ ಯಾವ ಗಡಿಯಾರ ಕೆಟ್ಟಿತ್ತು?"

ಗ್ಲೆನಿಸ್ ಬಗ್ಗಿ ಚಪ್ಪಲಿಯ ಪಟ್ಟಿ ಸಡಿಲಿಸಿಕೊಂಡಳು.

ಹತ್ತೂವರೆಯ ಹೊತ್ತಿಗೆ ಮುಂದಿನ ಮದುವೆಯ ಜನ ಬರತೊಡಗಿದರು. ಮೊದಲು ಬಂದದ್ದು ಪಾತ್ರೆಗಳು. ಅಲ್ಯುಮಿನಿಯಂ ಹಾಳೆ ಮುಚ್ಚಿದ ಅಗಲವಾದ ಪಾತ್ರೆಗಳನ್ನು ಎತ್ತರದ ಗಂಡಸರು ಇಬ್ಬಿಬ್ಬರಾಗಿ ಹೊತ್ತು ತಂದರು. ಹಿಂದೆ ಗಿಟಾರು, ದೊಡ್ಡ ಸ್ಪೀಕರು, ಹೂವಿನ ಹಾರಗಳ ಬುಟ್ಟಿ, ಹಸಿರು ಲುಂಗಿ ಬಿಳಿ ಅಂಗಿಯ ಹಾಡುವ ತಂಡ, ಬಣ್ಣದ ಛತ್ರಿ ಹಿಡಿದ ಮುದುಕಿಯರು. ಪಕ್ಕದ ಲೋಗನ್‌ನಲ್ಲಿ ನೆಲೆಸಿದ ಸಮೋವಾ ದ್ವೀಪದವರು. ಎಲ್ಲರೂ ಒಟ್ಟಿಗೆ ಮಾತಾಡುತ್ತ, ಒಟ್ಟಿಗೆ ನಗುತ್ತ ಬಂದು, ಹನ್ನೆರಡು ಕುರ್ಚಿಗಳ ಎದುರು ಒಂಟಿಯಾಗಿ ನಿಂತ ಗ್ಲೆನಿಸ್‌ಳನ್ನು ನೋಡಿ ಒಟ್ಟಿಗೇ ಸುಮ್ಮನಾದರು.

ಅವರ ನಡುವಿನಿಂದ ಕೆಂಪು ದಾಸವಾಳ ಮುಡಿದ ದಪ್ಪನೆಯ ಹೆಂಗಸೊಬ್ಬಳು ಮುಂದೆ ಬಂದಳು. "ನಾನು ಲುಪೆ. ಹುಡುಗಿ ತಾಯಿ. ನಿಮ್ದು ಇನ್ನೂ ಮುಗಿದಿಲ್ವಾ ಅಕ್ಕಾ?"

"ಶುರುವೇ ಆಗಿಲ್ಲಮ್ಮ," ಎಂದಳು ಗ್ಲೆನಿಸ್. "ಗಂಡು ಬಂದಿಲ್ಲ. ಹನ್ನೊಂದರೊಳಗೆ ಬರ್ಲಿಲ್ಲ ಅಂದ್ರೆ ನಾವು ಜಾಗ ಬಿಡ್ತೀವಿ. ಕುರ್ಚಿ ಎಲ್ಲಾ ಮಡಚ್ತೀವಿ, ನಿಮಗೇನೂ ತೊಂದ್ರೆ ಆಗಲ್ಲ."

"ಎಲ್ಲಿಂದ ಬರ್ಬೇಕು?"

"ಟ್ವೀಡ್ ಹೆಡ್ಸ್‌ನಿಂದ. ಗಡಿ ಆಚೆ. ಒಂದು ಗಂಟೆ ಹೆಚ್ಚುಕಮ್ಮಿ ಮಾಡ್ಕೊಂಡಿದಾನೆ." ಗಡಿಯಾರದ ಕಥೆಯನ್ನೆಲ್ಲ ಎರಡನೇ ಸಲ ಹೇಳಿದಳು. ಎರಡನೇ ಸಲಕ್ಕೆ ಅದು ಅವಳ ಕಿವಿಗೇ ಅಷ್ಟು ಗಟ್ಟಿಯಾಗಿ ಕೇಳಲಿಲ್ಲ.

ಲುಪೆ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಒಂದು ಗಂಟೆಗೆ ಇಷ್ಟು ಮುಖ ಸಣ್ಣ ಮಾಡ್ಕೊಂಡಿದೀರ? ನಮ್ಮ ದೇಶದಲ್ಲಿ ಒಂದು ಇಡೀ ಶುಕ್ರವಾರಾನೇ ನುಂಗಿಬಿಟ್ರು ಸರ್ಕಾರದವರು. ಕ್ಯಾಲೆಂಡರ್ ಸರಿ ಮಾಡ್ತೀವಿ ಅಂತ. ಗುರುವಾರ ರಾತ್ರಿ ಮಲಗಿದೋರು ಶನಿವಾರ ಬೆಳಿಗ್ಗೆ ಎದ್ವಿ. ನನ್ನ ಮೈದುನನ ಹುಟ್ಟಿದ ದಿನ ಆ ಶುಕ್ರವಾರ. ಆ ವರ್ಷ ನನ್ನ ಹುಟ್ಟಿದಬ್ಬಾನೇ ಬರ್ಲಿಲ್ಲ ಅಂತ ಇವತ್ತಿಗೂ ಒಂದು ವರ್ಷ ಕಮ್ಮಿ ಹೇಳ್ತಾನೆ. ಹೌದೇನೋ?"

ಗಿಟಾರು ಹಿಡಿದಿದ್ದ ಬೋಳುತಲೆಯವನು ದೂರದಿಂದಲೇ, "ಐವತ್ತೊಂದು!" ಎಂದು ಕೂಗಿದ. ಮುದುಕಿಯರು ಛತ್ರಿ ಅಲ್ಲಾಡಿಸಿ ಛೀಮಾರಿ ಹಾಕಿದರು.

"ಆದ್ರೂ ನಿಮ್ಮ ಟೈಮು ಹನ್ನೊಂದು..." ಎಂದಳು ಗ್ಲೆನಿಸ್.

"ಪಾರ್ಕಿನೋರಿಗೆ ಹನ್ನೊಂದು. ನಮಗೆ ಹನ್ನೆರಡು. ನನ್ನ ಮಗಳು ಫೆತು ಇನ್ನೂ ತಲೆ ಬಾಚಿಸ್ಕೋತಾ ಕೂತಿದಾಳೆ, ನಾಲ್ಕು ಜನ ಹಿಡ್ಕೊಂಡು ಬಾಚ್ತಿದಾರೆ. ನಾವು ಹನ್ನೆರಡಕ್ಕೆ ಮದುವೆ ಅಂತ ಹೇಳಿದ್ರೆ ಜನ ಒಂದಕ್ಕೆ ಬರ್ತಾರೆ ಅಂತ ಹನ್ನೊಂದು ಅಂತ ಹಾಕ್ಸಿರೋದು." ಗ್ಲೆನಿಸ್‌ಳ ಮುಂಗೈ ಹಿಡಿದು ಪಕ್ಕಕ್ಕೆ ಎಳೆದಳು. "ಒಂದು ಮಾತು ಕೇಳ್ಲಾ? ಅವನು ಬರ್ತಾನೆ ತಾನೆ?"

ಗ್ಲೆನಿಸ್ ನದಿಯ ಕಡೆ ನೋಡಿದಳು. ನೀಲಿ ದೋಣಿಯೊಂದು ದಡಕ್ಕೆ ತಾಗಿ ಜನರನ್ನು ಇಳಿಸುತ್ತಿತ್ತು.

"ಗೊತ್ತಿಲ್ಲ," ಎಂದಳು.

ಬೆಳಗಿನಿಂದ ಬಾಯಿಗೆ ಬರದಿದ್ದ ಆ ಮಾತನ್ನು ಪರಿಚಯವೇ ಇಲ್ಲದವಳ ಮುಂದೆ ಆಡಿಬಿಟ್ಟಿದ್ದಳು. ಲುಪೆ ಸಮಾಧಾನದ ಮಾತೇನೂ ಹೇಳಲಿಲ್ಲ. "ಬೆಳಿಗ್ಗೆ ಏನಾದ್ರೂ ತಿಂದಿದೀರಾ?" ಎಂದಳು.

"ಇಲ್ಲ."

"ಅದಕ್ಕೇ ಗೊತ್ತಾಗ್ತಿಲ್ಲ. ಖಾಲಿ ಹೊಟ್ಟೇಲಿ ಯಾವ ಗಂಡಸಿನ ಬಗ್ಗೇನೂ ಯೋಚನೆ ಮಾಡ್ಬಾರ್ದು."

ಎರಡೇ ನಿಮಿಷದಲ್ಲಿ ಗ್ಲೆನಿಸ್‌ಳ ಕೈಗೂ ನೊಲೀನ್‌ಳ ಕೈಗೂ ಕಾಗದದ ತಟ್ಟೆ ಬಂತು. ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನ ಎಲೆ, ಕೆಸುವಿನ ಗೆಡ್ಡೆ, ಸುಟ್ಟ ಹಂದಿಮಾಂಸದ ತುಂಡು. ಕ್ಯಾಂಟೀನಿನ ಹೆಂಗಸರು ತಮ್ಮ ಸ್ಯಾಂಡ್‌ವಿಚ್ಚಿನ ಮುಚ್ಚಳ ತೆಗೆದು ಸಮೋವಾದ ಮಕ್ಕಳಿಗೆ ಹಂಚತೊಡಗಿದರು. ಹುಲ್ಲುಹಾಸಿನ ತುಂಬ ಚಾಪೆ ಬಿತ್ತು. ಹಾರದ ಬುಟ್ಟಿ ಹಿಡಿದ ಇಬ್ಬರು ಹೆಂಗಸರು ಬಂದ ಬಂದವರ ಕೊರಳಿಗೆಲ್ಲ ಒಂದೊಂದು ಹಾರ ಹಾಕುತ್ತ, ಊಟದ ಕಡೆ ತಳ್ಳುತ್ತಿದ್ದರು. ಹನ್ನೆರಡು ಕುರ್ಚಿಗಳು ಆ ಗದ್ದಲದಲ್ಲಿ ಎಲ್ಲಿ ಹೋದವೋ ಕಾಣಲಿಲ್ಲ. ಅಕ್ಕತಂಗಿಯರು ತಟ್ಟೆ ಹಿಡಿದು ಪಗೋಡದ ಹಿಂದಿನ ನೆರಳಿಗೆ ಹೋಗಿ ಕೂತರು. ಅಲ್ಲಿಂದ ರಸ್ತೆಯ ಕಡೆಯ ದಾರಿ ನೇರವಾಗಿ ಕಾಣುತ್ತಿತ್ತು. ನೆವಿಲ್ ಬಂದರೆ ಆ ದಾರಿಯಲ್ಲೇ ಬರಬೇಕು.

ಹನ್ನೊಂದಾಯಿತು. ದಾರಿಯಲ್ಲಿ ತಳ್ಳುಗಾಡಿಯಲ್ಲಿ ಮಗುವನ್ನಿಟ್ಟುಕೊಂಡ ದಂಪತಿ ಬಂದರು. ಸೈಕಲ್ಲಿನವನೊಬ್ಬ ಬಂದ. ಹನ್ನೊಂದು ದಾಟಿತು.

"ರಜ ಅಲ್ವಾ, ಹೈವೇಲಿ ಗಾಡಿ ಜಾಸ್ತಿ ಇರುತ್ತೆ," ಎಂದಳು ನೊಲೀನ್.

ಗ್ಲೆನಿಸ್ ತಟ್ಟೆಯಿಂದ ತಲೆಯೆತ್ತಿ ಅಕ್ಕನನ್ನು ನೋಡಿದಳು. ನೊಲೀನ್ ಅಣಕಿಸುತ್ತಿರಲಿಲ್ಲ. ಮತ್ತೆ ದಾರಿಯ ಕಡೆ ನೋಡಿ, "ಗಾಡಿ ನಿಲ್ಸೋಕೂ ಜಾಗ ಸಿಗಲ್ಲ ಇಲ್ಲಿ," ಎಂದಳು. ಬೆಳಗಿನಿಂದ ಅವಳ ಬಾಯಿಂದ ಬಿದ್ದ ಯಾವ ಕೊಂಕಿಗೂ ಹೆದರದ ಗ್ಲೆನಿಸ್ ಆ ಮಾತಿಗೆ ತಿನ್ನುವುದನ್ನು ನಿಲ್ಲಿಸಿದಳು. ಅಪ್ಪ ಸತ್ತ ದಿನ ಆಸ್ಪತ್ರೆಯಲ್ಲಿ ನೊಲೀನ್ ಹೀಗೇ ಮೆತ್ತಗೆ ಮಾತಾಡಿದ್ದಳು.

"ನನ್ನ ಬೈಯೇ," ಎಂದಳು ಗ್ಲೆನಿಸ್.

"ಏನಂತ?"

"ಏನಾದ್ರೂ. ದಡ್ಡಿ ಅನ್ನು. ಮುದುಕಿಗೆ ಮದುವೆ ಬೇಕಾ ಅನ್ನು. ನೀನು ಹಿಂಗೆ ಒಳ್ಳೇವಳ ಥರ ಕೂತ್ರೆ ನಂಗೆ ಭಯ ಆಗುತ್ತೆ."

ನೊಲೀನ್ ಚೀಲದಿಂದ ಕಾರಿನ ಕೀಲಿಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ನೀನು ಹೇಳಿದಾಗ ಹೋಗೋಣ. ಅವಸರ ಇಲ್ಲ," ಎಂದಳು.

ಲಾಕ್ಲನ್ ಪೆಟ್ಟಿಗೆ ಹಿಡಿದು ಪಗೋಡದ ಮೂಲೆಯಲ್ಲಿ ಕಾಣಿಸಿಕೊಂಡ. ಅವನ ಕೊರಳಲ್ಲೂ ಹಾರವಿತ್ತು, ಬಾಯಿ ತುಂಬಿತ್ತು. ಅವನ ಬೆನ್ನಿಗೇ ಲುಪೆ ಬಂದಳು. "ಈ ಹುಡುಗ ಪೆಟ್ಟಿಗೆ ಕಟ್ತಿದ್ದ. ಹನ್ನೆರಡೂವರೆಗೆ ಇನ್ನೊಂದು ಮದುವೆ ಇದ್ಯಂತೆ. ಅಲ್ಲೀವರ್ಗೂ ಇಲ್ಲೇ ತಿನ್ನು, ಎದ್ದುಹೋದ್ರೆ ನಿನ್ನ ತಾಯಿಗೆ ಫೋನ್ ಮಾಡ್ತೀನಿ ಅಂದಿದೀನಿ."

"ನನ್ನ ತಾಯಿ ನಂಬರ್ ಇವರಿಗೆ ಹೆಂಗೆ ಗೊತ್ತು?" ಎಂದ ಲಾಕ್ಲನ್.

"ಹುಡುಕ್ತೀನಿ," ಎಂದಳು ಲುಪೆ. ಆಮೇಲೆ ಗ್ಲೆನಿಸ್ ಕಡೆ ತಿರುಗಿ, "ಅಂದಂಗೆ ಅಕ್ಕಾ, ನಿಮ್ಮ ಕಡೆ ಮುದುಕಪ್ಪ ಒಬ್ರು ಅಲ್ಲಿ ಹಾಡೋರ ಹಿಂದೆ ಕೂತಿದಾರಲ್ಲ, ಅವರಿಗೆ ಸಕ್ಕರೆ ಕಾಯಿಲೆ ಗೀಯಿಲೆ ಇಲ್ವಾ? ಮೂರನೇ ಸಲ ಕೆಸುವಿನೆಲೆ ಹಾಕಿಸ್ಕೊಂಡ್ರು. ನಂಗೇನೂ ಇಲ್ಲಪ್ಪ, ತಿನ್ಲಿ. ಮದುವೆ ಹೊತ್ತಿಗೆ ಹೊಟ್ಟೆ ಕೆಟ್ರೆ ಕಷ್ಟ."

"ನಮ್ಮ ಕಡೆ ಮುದುಕಪ್ಪ ಯಾರೂ ಇಲ್ವಲ್ಲ," ಎಂದಳು ಗ್ಲೆನಿಸ್. "ಕ್ಲಿಫ್ ಒಬ್ಬನೇ. ಅವನು ಕಾರು ನಿಲ್ಸೋ ಕಡೆ ಹೋದ."

"ಬೂದು ಕೋಟು. ಕೆಂಪು ಕಿವಿ. ದೋಣಿ ಕಡೆಯಿಂದ ಬಂದ್ರು. ನಮ್ಮ ಹುಡುಗೀರು ಹಾರ ಹಾಕಿ ಕೂರಿಸಿದ್ರು."

ತಟ್ಟೆ ಗ್ಲೆನಿಸ್‌ಳ ಕೈಯಿಂದ ಎಲ್ಲಿ ಬಿತ್ತೋ ಅವಳು ನೋಡಲಿಲ್ಲ. ಒಂದು ಚಪ್ಪಲಿ ಅಲ್ಲೇ ಉಳಿಯಿತು. ಪಗೋಡ ಸುತ್ತಿಕೊಂಡು, ಚಾಪೆಗಳ ಅಂಚು ತುಳಿಯುತ್ತ, ಛತ್ರಿಗಳಡಿ ಬಗ್ಗುತ್ತ ಹಾಡುವ ತಂಡದ ಹಿಂದಕ್ಕೆ ಹೋದಳು. ಅಲ್ಲಿ, ಮಡಚುವ ಕುರ್ಚಿಯೊಂದರ ಮೇಲೆ, ಎದೆಯ ತುಂಬ ಹೂವಿನ ಹಾರ ಹಾಕಿಕೊಂಡು, ತೊಡೆಯ ಮೇಲೆ ತಟ್ಟೆಯಿಟ್ಟುಕೊಂಡು ನೆವಿಲ್ ಕೂತಿದ್ದ. ಅಕ್ಕಪಕ್ಕದ ಇಬ್ಬರು ಮುದುಕಿಯರಿಗೆ ಅವನು ತಾನು ಮೂವತ್ತು ವರ್ಷ ಕೆಲಸ ಮಾಡಿದ ಸಕ್ಕರೆ ಕಾರ್ಖಾನೆಯ ಕಬ್ಬು ಅರೆಯುವ ಯಂತ್ರದ ಬಗ್ಗೆ ಹೇಳುತ್ತಿದ್ದ. ಅವರು ಬಲು ಗಂಭೀರವಾಗಿ ತಲೆದೂಗುತ್ತಿದ್ದರು.

ಅವಳನ್ನು ನೋಡಿ ಅವನು ಗಡಬಡಿಸಿ ಎದ್ದು ನಿಂತ. ತುಟಿಯಂಚಿನಲ್ಲಿ ತೆಂಗಿನ ಹಾಲು ಇತ್ತು.

"ಇಷ್ಟೊಂದು ಜನಾನ ಕರ್ದಿದೀನಿ ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತೇ?" ಎಂದ. "ಸಣ್ಣದಾಗಿ ಮಾಡ್ಕೊಳೋಣ ಅಂದೆ. ನಾನು ಇವರ ಮಧ್ಯೆ ಯಾರನ್ನ ಕೇಳ್ಲಿ? ನಿಮ್ಮ ಕ್ಯಾಂಟೀನ್‌ನಲ್ಲಿ ಇಷ್ಟು ಜನ ಕೆಲ್ಸ ಮಾಡ್ತಾರಾ?"

ಗ್ಲೆನಿಸ್‌ಗೆ ಉಸಿರೇ ಸಾಲದಾಗಿತ್ತು. "ಎಷ್ಟ್ಹೊತ್ತಾಯ್ತು ಬಂದು?"

"ಹನ್ನೊಂದಕ್ಕೆ ಹತ್ತು ನಿಮಿಷ ಮುಂಚೇನೇ ಬಂದೆ. ಗಾಡಿ ನಿಲ್ಸೋಕೆ ಇಲ್ಲಿ ಜಾಗ ಸಿಗಲ್ಲ ಅಂತ ಆಚೆ ದಡದಲ್ಲಿ ನಿಲ್ಸಿ ದೋಣೀಲಿ ಬಂದೆ. ಹೆಣ್ಣು ಆಮೇಲೇ ಬರೋದು, ಕಾಯೋಣ ಅಂತ ಕೂತೆ. ಯಾಕೆ, ತಡ ಆಯ್ತಾ?"

"ಗಡಿಯಾರ ತಿರುಗಿಸಿದ್ಯಾ?"

"ಏಣಿ ಶೆಡ್ಡಲ್ಲಿ..." ಎಂದು ಶುರುಮಾಡಿ ಅವನು ನಿಲ್ಲಿಸಿದ. ಬಾಯಿ ಹಾಗೇ ತೆರೆದುಕೊಂಡಿತು. ಕಿವಿ ಇನ್ನೂ ಕೆಂಪಾಯಿತು. "ಅಯ್ಯೋ ದೇವ್ರೇ. ಇಲ್ಲಿ ಹತ್ತಕ್ಕೆ."

"ಹತ್ತಕ್ಕೆ."

"ನೀನು ಒಂದು ಗಂಟೆಯಿಂದ ನಿಂತಿದೀಯ."

"ಇನ್ನೂ ಜಾಸ್ತಿ. ನೀನು ಇಲ್ಲಿ ಕೂತು ಮೂರು ಸಲ ಹಾಕಿಸ್ಕೊಂಡಿದೀಯ."

"ನಾಲ್ಕು," ಎಂದಳು ಪಕ್ಕದ ಮುದುಕಿ.

ನೆವಿಲ್ ತಟ್ಟೆಯನ್ನು ಕುರ್ಚಿಯ ಮೇಲಿಟ್ಟ. ಎಲ್ಲರ ಕಣ್ಣೂ ತನ್ನ ಮೇಲಿರುವುದನ್ನು ನೋಡಿ ಒಮ್ಮೆ ಕೆಮ್ಮಿದ. "ನೋಡು ಗ್ಲೆನ್. ಏಪ್ರಿಲ್‌ನಲ್ಲಿ ನನ್ನ ಬೆನ್ನು ಚೆನ್ನಾಗೇ ಇತ್ತು."

"ಗೊತ್ತು."

"ಗೊತ್ತಾ?"

"ಕ್ಲಿಫ್ ಹೇಳ್ದ."

"ಹೆದ್ರಿದ್ದೆ ಕಣೇ. ಇವತ್ತೂ ಹೆದ್ರಿದೀನಿ. ಅದಕ್ಕೇ ಬೇಗ ಎದ್ದು, ಗಾಡಿ ಎರಡು ಸಲ ತೊಳ್ದು, ಗಡಿಯಾರ ನೋಡ್ತಾನೇ ಕೂತಿದ್ದೆ. ತಡ ಆಗ್ಬಾರ್ದು ಅಂತ."

ಆ ಮಾತಿಗೆ ಮೊದಲು ನಕ್ಕವಳು ನೊಲೀನ್. ಒಂದು ಕೈಯಲ್ಲಿ ತಂಗಿಯ ಚಪ್ಪಲಿ, ಇನ್ನೊಂದರಲ್ಲಿ ಕಾರಿನ ಕೀಲಿಕೈ ಹಿಡಿದು ನಿಂತಿದ್ದವಳು ನಗುತ್ತ ನಗುತ್ತ ಚಾಪೆಯ ಮೇಲೆ ಕುಸಿದೇಬಿಟ್ಟಳು. "ತಡ ಆಗ್ಬಾರ್ದು ಅಂತ ಆ ಗಡಿಯಾರಾನೇ ನೋಡ್ತಾ ಕೂತಿದ್ನಂತೆ! ಲೇ ಗ್ಲೆನಿಸ್, ದಡ್ಡಿ ಕಣೇ ನೀನು! ಮುದುಕೀಗೆ ಬೇರೆ ಗಂಡು ಸಿಗ್ಲಿಲ್ವಾ?"

"ಹಾಂ, ಹಂಗೆ ಬೈಯಿ," ಎಂದಳು ಗ್ಲೆನಿಸ್. ಅವಳ ಕಣ್ಣು ತುಂಬಿತ್ತು. ಕೈ ಮಾತ್ರ ನೆವಿಲ್‌ನ ತುಟಿಯ ಅಂಚನ್ನು ಒರೆಸುತ್ತಿತ್ತು, ಕ್ಯಾಂಟೀನಿನಲ್ಲಿ ಮೇಜು ಒರೆಸುವಷ್ಟೇ ಬಿರುಸಾಗಿ.

ಮದುವೆ ಹತ್ತು ನಿಮಿಷದಲ್ಲಿ ಮುಗಿಯಿತು. ಲಾಕ್ಲನ್ ಕಾನೂನಿಗೆ ಬೇಕಾದ ಮಾತುಗಳನ್ನು ಬಾಯಿ ಒರೆಸಿಕೊಳ್ಳುತ್ತಲೇ ಓದಿದ. ಅವನು ಕಷ್ಟಪಟ್ಟು ಬರೆದು ತಂದಿದ್ದ ಭಾಷಣವನ್ನು ಯಾರೂ ಕೇಳಲಿಲ್ಲ. ಪಾಪ ಎನಿಸಿ ಗ್ಲೆನಿಸ್ ಆಮೇಲೆ ಓದ್ತೀನಿ ಕೊಡು ಎಂದಳು. ಒಬ್ಬ ಸಾಕ್ಷಿಯಾಗಿ ನೊಲೀನ್ ಸಹಿ ಹಾಕಿದಳು. ಇನ್ನೊಬ್ಬ ಸಾಕ್ಷಿ ಕ್ಲಿಫ್ ಆಗಬೇಕಿತ್ತು. ಅವನು ಸಿಗದ್ದರಿಂದ ಲುಪೆ ಲುಂಗಿಗೆ ಕೈ ಒರೆಸಿಕೊಂಡು ತನ್ನ ಉದ್ದನೆಯ ಹೆಸರನ್ನು ಪೂರ್ತಿ ಬರೆದಳು. ನೆವಿಲ್ "ಹೌದು" ಎನ್ನುವ ಮೊದಲು ದೋಣಿಯ ಕಡೆ ಒಮ್ಮೆ ತಿರುಗಿ ನೋಡಿದ. ಸುತ್ತಲಿನ ಎಂಬತ್ತು ಜನ ಉಸಿರು ಹಿಡಿದರು. ಅವನು ಹೌದೆಂದ ಕೂಡಲೇ, ಯಾರೂ ಹೇಳದೆ, ಹಾಡುವ ತಂಡ ಎದ್ದು ನಿಂತಿತು. ಒಂದು ದನಿಯ ಮೇಲೆ ಇನ್ನೊಂದು ದನಿ ಏರಿ, ಗಂಡಸರ ದಪ್ಪ ಸ್ವರ ಹುಲ್ಲಿನ ಅಡಿಯಿಂದ ಬಂದಂತೆ ಬಂದು, ನದಿದಂಡೆಯಲ್ಲಿ ಓಡಾಡುತ್ತಿದ್ದವರೆಲ್ಲ ನಿಂತುಬಿಟ್ಟರು. ಅಷ್ಟು ಹೊತ್ತು ಕಣ್ಣು ತಪ್ಪಿಸಿ ಹೋಗುತ್ತಿದ್ದವರು ಈಗ ಫೋನು ಎತ್ತಿ ಹಿಡಿದರು.

ಹಾಡು ಮುಗಿಯುವ ಹೊತ್ತಿಗೆ ಕ್ಲಿಫ್ ಬೆವರು ಒರೆಸಿಕೊಳ್ಳುತ್ತ ಬಂದ. "ಪಾರ್ಕಿಂಗಿನ ಮೂರು ಮಹಡೀನೂ ಹುಡುಕ್ದೆ ಗ್ಲೆನಿಸ್. ಅವನ ಗಾಡಿ ಎಲ್ಲೂ ಇಲ್ಲ. ಕ್ಷಮಿಸಮ್ಮ. ಆ ನನ್ಮಗ ಬರಲ್ಲ ಅನ್ಸುತ್ತೆ," ಎಂದವನು, ಅವಳ ಪಕ್ಕದಲ್ಲಿ ಹಾರ ಹಾಕಿಕೊಂಡು ನಿಂತವನನ್ನು ನೋಡಿ ಹಾಗೇ ಬಾಯಿ ಮುಚ್ಚಿಕೊಂಡ. ಬೋಳುತಲೆಯ ಮೈದುನ ಅವನ ಕೈಗೊಂದು ತಟ್ಟೆ ಕೊಟ್ಟ.

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಹಾರ್ನುಗಳ ಸರಮಾಲೆ ಕೇಳಿಸಿತು. "ಬಂದ್ಲು, ಫೆತು ಬಂದ್ಲು!" ಎಂದು ಮಕ್ಕಳು ಓಡಿದರು. ಲುಪೆ ತಲೆಯ ಮೇಲೆ ಕೈ ಹೊತ್ತಳು. "ಹನ್ನೆರಡಕ್ಕೆ ಇನ್ನೂ ಕಾಲು ಗಂಟೆ ಇದೆ. ನಮ್ಮ ವಂಶದಲ್ಲಿ ಇಷ್ಟು ಬೇಗ ಯಾರೂ ಬಂದಿಲ್ಲ! ಕೇಕಿನ ಮೇಜು ಎಲ್ಲಿ? ಮೇಜು ಇನ್ನೂ ಲಾರೀಲೇ ಇದೆ! ಹುಡುಗರೆಲ್ಲಾ ಎಲ್ಲಿ ಹೋದ್ರೋ?"

ಹುಡುಗರೆಲ್ಲ ಮದುಮಗಳ ಕಡೆ ಓಡಿದ್ದರು. ಗ್ಲೆನಿಸ್ ಅಕ್ಕನ ಕೈಯಿಂದ ಚಪ್ಪಲಿ ಕಸಿದುಕೊಂಡು, ಹಾಕಿಕೊಳ್ಳಲು ಹೊತ್ತಿಲ್ಲವೆಂದು ಇನ್ನೊಂದನ್ನೂ ಬಿಚ್ಚಿ ಎರಡನ್ನೂ ಹುಲ್ಲಿನ ಮೇಲೆ ಬಿಸಾಕಿದಳು. "ನಡಿ," ಎಂದಳು ಗಂಡನಿಗೆ.

ಲಾರಿಯಿಂದ ಇಳಿಸಿದಾಗ ಮೇಜು ಅಂದುಕೊಂಡದ್ದಕ್ಕಿಂತ ಉದ್ದವಿತ್ತು. ಆ ತುದಿಯನ್ನು ನೆವಿಲ್ ಹಿಡಿದ, ಈ ತುದಿಯನ್ನು ಅವಳು ಹಿಡಿದಳು. ಕಾಗದದ ಹೂವಿನ ಬಳ್ಳಿಗಳ ಕೆಳಗಿನ ದಾರಿ ಇಕ್ಕಟ್ಟಾಗಿ ಬಾಗಿತ್ತು. ಅವನು ಅವಳ ಮುಖ ನೋಡುತ್ತ ಹಿಂದೆ ಹಿಂದೆ ಹೆಜ್ಜೆಯಿಡಬೇಕಾಗಿತ್ತು. ಎದುರಿನಿಂದ ಬರುವವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

"ಎಡಕ್ಕೆ," ಎಂದಳು ಗ್ಲೆನಿಸ್. "ಇನ್ನೂ ಎಡಕ್ಕೆ. ನಿಧಾನ, ಬೆನ್ನು ಜೋಪಾನ."

"ಬೆನ್ನು ಚೆನ್ನಾಗಿದೆ ಅಂದ್ನಲ್ಲ."

"ಮೆಟ್ಟಿಲು ಬಂತು."

ಅವನು ತಿರುಗಿ ನೋಡದೆ ಕಾಲು ಕೆಳಗಿಟ್ಟ.